ತಿರುಗುವ ಫ್ಯಾನಿನ ಮೂರು ಗಂಟೆ

ಹಾರ್ಡ್‌ಡಿಸ್ಕ್ ತುಂಬಿಸಿಕೊಂಡು ಬರುವವರನ್ನು ಕಂಡರೆ ಕಂಪ್ಯೂಟರ್ ರಿಪೇರಿಯವನಿಗೆ ಮೈಯೆಲ್ಲ ಉರಿ. ಫೈಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ ಪೊಲೀಸಿನವನಂತೆ ಒಂದೊಂದನ್ನೇ ವಿಚಾರಿಸುತ್ತಾನೆ. "ಏನಮ್ಮಾ, ಒಂದೇ ಮದುವೆ ವಿಡಿಯೋ ಏಳು ಸಲ ಇಟ್ಟಿದ್ದೀರಲ್ಲ, ಗಂಡ ಒಬ್ಬನೇ ತಾನೆ?" ಎಂದು ರೇಗಿಸಿ, ಅವರು ಹೂಂ ಅನ್ನುವಷ್ಟರಲ್ಲಿ ಆರನ್ನು ಅಳಿಸಿರುತ್ತಾನೆ. ಅವನದೇ ಡಿಸ್ಕ್ ಮಾತ್ರ ಕಂಠಮಟ್ಟ ತುಂಬಿದೆ. ಬೇರೆಯಾದ ಹೆಂಡತಿಯ ಬಳಿಯಿರುವ ಮಗಳನ್ನು ವಾರಕ್ಕೆ ಅರ್ಧ ಗಂಟೆ ವಿಡಿಯೋ ಕರೆಯಲ್ಲಿ ನೋಡಿಕೋ ಎಂದು ನ್ಯಾಯಾಲಯ ಅಪ್ಪನ ಪ್ರೀತಿಗೂ ರೇಷನ್ ಹಾಕಿದೆ. ಆ ಕರೆಗಳನ್ನೆಲ್ಲ ಅವನು ರೆಕಾರ್ಡ್ ಮಾಡಿಟ್ಟಿದ್ದಾನೆ. ಈಗ ನಾಳೆಯ ಕರೆಗೆ ಜಾಗವಿಲ್ಲ. ಎಲ್ಲಕ್ಕಿಂತ ದೊಡ್ಡ ಫೈಲು, ಮಗಳು "ಇರು ಅಪ್ಪಾ, ಬಂದೆ" ಎಂದು ಫೋನನ್ನು ಮೇಜಿನ ಮೇಲಿಟ್ಟು ಮರೆತ ದಿನದ್ದು. ಮೂರು ಗಂಟೆ ಬರೀ ಚಾವಣಿ, ತಿರುಗುವ ಫ್ಯಾನು, ಪಕ್ಕದ ಕೋಣೆಯಿಂದ ಅವಳ ನಗು. ನ್ಯಾಯಾಲಯ ಕೊಡದ ಎರಡೂವರೆ ಗಂಟೆ ಅದರಲ್ಲಿದೆ. ಅವನು ತನ್ನ ಕಸುಬಿನ ಸಾಫ್ಟ್‌ವೇರುಗಳನ್ನೆಲ್ಲ ಅಳಿಸಿ ನಾಳೆಗೆ ಜಾಗ ಮಾಡಿದ.