ಶಿಕ್ಷೆಗೆ ನಿಂತ ಮಾಪು

ನಮ್ಮ ಬೀದಿಯಲ್ಲಿ ಅವನನ್ನು ಒಣ ಬಟ್ಟೆಯಲ್ಲಿ ನೋಡಿದವರು ಯಾರೂ ಇಲ್ಲ. ಮದುವೆಯ ದಿನ ಒಣಗಿದ್ದನಂತೆ. ಅದಕ್ಕೆ ಹೆಂಡತಿಯೊಬ್ಬಳೇ ಸಾಕ್ಷಿ, ಅವಳಿಗೂ ಈಚೆಗೆ ಅನುಮಾನ ಬಂದಿದೆ. ಅವನ ಕಾಲರಿನಲ್ಲಿ ನಿಂತ ನೀರು ಕುಡಿಯಲು ಗುಬ್ಬಿಗಳು ಬರುತ್ತಿದ್ದವು. ಬೆನ್ನ ಮೇಲೆ ಪಾಚಿ ಕಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದು ಹಸಿರು ಅಂಗಿ ಎಂದು ಅವನ ಹೆಂಡತಿ ವಾದಿಸುತ್ತಾಳೆ, ವಾದಿಸಲಿ. ಕಾರು ತೊಳೆಯುವುದು ಅವನ ಕಸುಬು. ಮನೆಯವರು ಇಟ್ಟ ಹೆಸರು ಏನೇ ಇರಲಿ, ಬೀದಿಗೆಲ್ಲ ಅವನು ಒದ್ದೆಯಣ್ಣ.

ನನ್ನ ಪಂಚರ್ ಅಂಗಡಿಗೂ ಅವನ ತೊಳೆಯುವ ಶೆಡ್ಡಿಗೂ ನಡುವೆ ಇರುವುದು ಒಂದೇ ಒಂದು ತಗಡಿನ ಗೋಡೆ. ಅತ್ತ ಕಡೆ ಅವನು ಮನಸ್ಸಿನಲ್ಲಿ ಬೈದುಕೊಂಡರೂ ಇತ್ತ ಕಡೆ ನನಗೆ ಕೇಳುತ್ತದೆ.

ಮೊದಲೆಲ್ಲ ಅವನದು ಬಕೆಟ್ಟು ಮತ್ತು ಬಟ್ಟೆಯ ಕೆಲಸ. ಬಗ್ಗು, ಅದ್ದು, ಹಿಂಡು, ಒರೆಸು, ಮತ್ತೆ ಬಗ್ಗು. ಬಗ್ಗಿ ಬಗ್ಗಿ ಸೊಂಟ ಎಂಥ ಸ್ಥಿತಿಗೆ ಬಂತೆಂದರೆ, ಎದುರಿಗೆ ಯಾರು ಬಂದರೂ ಚಪ್ಪಲಿ ನೋಡಿ ಗುರುತು ಹಿಡಿದು ನಮಸ್ಕಾರ ಹೇಳುತ್ತಿದ್ದ. ಹೊಸ ಚಪ್ಪಲಿ ಕೊಂಡವರು ಅವನ ಮುಂದೆ ಮತ್ತೆ ಪರಿಚಯ ಮಾಡಿಕೊಳ್ಳಬೇಕಾಗುತ್ತಿತ್ತು.

ಆಮೇಲೆ ಅವನು ಮಾಪು ಮಾಡಿದ. ನೆಲ ಒರೆಸುವ ಮಾಪಲ್ಲ, ನೀರು ಹರಿಯುವ ಮಾಪು. ಕಿಟಕಿಯ ಪರದೆ ತೂಗುವ ಹಗುರವಾದ ಕೊಳವೆಯೊಂದನ್ನು ಹಿಡಿಯಾಗಿ ಮಾಡಿ, ಅದರ ಬುಡಕ್ಕೆ ನಲ್ಲಿಯಿಂದ ಬಂದ ಪೈಪು ಸಿಕ್ಕಿಸಿದ. ಕೈಗೆ ಸಿಗುವ ಜಾಗದಲ್ಲಿ ಪುಟ್ಟ ತಿರುಗಣೆ. ತುದಿಯಲ್ಲಿ ಚಪ್ಪಟೆ ತಲೆ, ಅದರ ತುಂಬ ಕುರಿಮರಿಯ ಮೈಯಂತೆ ಮೆತ್ತಗಿನ ದಪ್ಪ ಎಳೆಗಳು. ತಿರುಗಣೆ ಬಿಟ್ಟರೆ ನೀರು ಕೊಳವೆಯೊಳಗೇ ಮೇಲೇರಿ ಎಳೆಗಳ ನಡುವಿನಿಂದ ಸುರಿಯಬೇಕು. ಎಳೆಗಳ ಬಟ್ಟೆ ಕಾರನ್ನು ಉಜ್ಜುವ ಮೊದಲೇ ನೀರು ಮುಂದೆ ಹೋಗಿ ಧೂಳನ್ನು ಕೊಚ್ಚಿಕೊಂಡು ಹೋಗಬೇಕು. ಇಂಥವು ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ, ಅವನೇನೂ ಲೋಕಕ್ಕೆ ಹೊಸದನ್ನು ಕೊಡಲಿಲ್ಲ. ಆದರೆ ಅಂಗಡಿಯದು ಅವನ ಕೈಗೆ ಒಗ್ಗಲಿಲ್ಲ. ತಾನೇ ಮಾಡಿದ. ಮೊದಲ ಸಲ ಬಿಟ್ಟಾಗ ನೀರು ಕಾರಿನ ಕಡೆ ಹೋಗುವ ಬದಲು ಬೆಸುಗೆ ಕಿತ್ತುಕೊಂಡು ತಗಡಿನ ಸಂದಿಯಿಂದ ನನ್ನ ಅಂಗಡಿಗೆ ನುಗ್ಗಿತು. ಅವತ್ತು ನನ್ನ ಟ್ಯೂಬುಗಳೆಲ್ಲ ಈಜು ಕಲಿತವು. ಕೊನೆಗೊಮ್ಮೆ ಅದು ಸರಿಹೋಯಿತು, ಅದರ ಜತೆ ಅವನ ಸೊಂಟವೂ ನೆಟ್ಟಗಾಯಿತು. ನನ್ನನ್ನು ನೋಡಿ, "ಮಾಮ, ನಿಮ್ಮ ಮುಖ ಹೀಗಿದೆಯಾ? ಚಪ್ಪಲಿ ನೋಡಿ ಇನ್ನೂ ಚೆನ್ನಾಗಿರುತ್ತೆ ಅಂದ್ಕೊಂಡಿದ್ದೆ," ಎಂದ.

ಮಾಪಿನ ಜತೆ ಒಂದು ನಿಯಮವೂ ಹುಟ್ಟಿತು. ಮಾಪು ಕೈಜಾರಿ ನೆಲಕ್ಕೆ ಬಿತ್ತೋ, ಅದು ತಪ್ಪಿತಸ್ಥ. ಎಳೆಗಳಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಕಾರಿನ ಬಣ್ಣದ ಮೇಲೆ ಗೀರು ಬೀಳುತ್ತದೆ. ಬಿದ್ದ ಮಾಪನ್ನು ಗೋಡೆಗೆ ತಲೆ ಮೇಲೆ ಮಾಡಿ ನಿಲ್ಲಿಸಬೇಕು, ಪಾಠ ಓದದ ಹುಡುಗನನ್ನು ಮೂಲೆಯಲ್ಲಿ ನಿಲ್ಲಿಸಿದ ಹಾಗೆ. ಆಮೇಲೆ ಒದ್ದೆಯಣ್ಣ ಬಂದು ಎಳೆ ಎಳೆ ಬಿಡಿಸಿ, ಬೆರಳಿನಿಂದ ಬಾಚಿ, ತೊಳೆದು, ತಲೆ ಕೆಳಗೆ ಮಾಡಿ ಮೊಳೆಗೆ ನೇತುಹಾಕುತ್ತಿದ್ದ. ಮೊಳೆಯಲ್ಲಿ ತೂಗಿದ ಮಾಪು ಶುದ್ಧ. ಅದನ್ನು ಯಾರೂ ಮತ್ತೆ ಮುಟ್ಟಿ ನೋಡುವ ಹಾಗಿಲ್ಲ, ತೆಗೆದುಕೊಂಡು ನೇರ ಕಾರಿನ ಹತ್ತಿರ ಹೋಗುವುದೇ. ಹೆಂಡತಿಯ ಮಾತಿಗಾದರೂ ಒಂದು ಸಲ "ಹೌದಾ?" ಎನ್ನುತ್ತಿದ್ದನೇನೋ, ಆ ಮೊಳೆಯನ್ನು ಮಾತ್ರ ಎಂದೂ ಪ್ರಶ್ನೆ ಕೇಳಿದವನಲ್ಲ.

ತಗಡಿನ ಈಚೆಯ ನನ್ನನ್ನು ಬಿಟ್ಟರೆ ಈ ನಿಯಮ ತಿಳಿದವರು ಇಬ್ಬರೇ. ಒಬ್ಬ ಅವನು, ಇನ್ನೊಬ್ಬ ಅವನ ಷಡ್ಡಕ.

ಷಡ್ಡಕ ಎಂದರೆ ಅವನ ಹೆಂಡತಿಯ ತಂಗಿಯ ಗಂಡ. ಇದ್ದ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ನಾದಿನಿ ಬಂದು, "ಭಾವ, ಇವ್ರನ್ನ ನಿಮ್ಮ ಜೊತೆ ಇಟ್ಕೊಳಿ, ಮನೇಲಿ ಕೂತು ನನ್ನ ತಲೆ ತಿಂತಿದಾರೆ," ಎಂದು ಕೇಳಿದ್ದಕ್ಕೆ ಒದ್ದೆಯಣ್ಣ ಕರೆದುಕೊಂಡಿದ್ದ. ಷಡ್ಡಕನ ನಾಲಗೆ ಎಷ್ಟು ಸಿಹಿ ಎಂದರೆ ಅವನು ನಡೆದ ದಾರಿಯಲ್ಲಿ ಇರುವೆ ಸಾಲು ಹಿಡಿಯುತ್ತಿತ್ತು. ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬರುವ ಗಿರಾಕಿಗಳನ್ನು ಮಾತಾಡಿಸಿ, ಕೀಲಿ ಇಸಿದುಕೊಂಡು, ಕಾರು ಒಳಗೆ ಬಿಡುವುದು ಅವನ ಪಾಲಿನ ಕೆಲಸ. ಒಂದು ಹನಿ ನೀರು ಮೈಮೇಲೆ ಬಿದ್ದರೆ ಕರಗಿಹೋಗುವವನ ಹಾಗೆ ಹಾರುತ್ತಿದ್ದ.

"ಅಣ್ಣಾ, ನೀವು ತೊಳೆದ ಕಾರಲ್ಲಿ ಮುಖ ನೋಡ್ಕೊಂಡೇ ನಾನು ತಲೆ ಬಾಚೋದು," ಎನ್ನುತ್ತಿದ್ದ.

"ತಲೆ ಬಾಚೋಕೆ ಕೂದಲು ಬೇಕಪ್ಪ," ಎನ್ನುತ್ತಿದ್ದ ಒದ್ದೆಯಣ್ಣ. ಆದರೆ ಹೊಗಳಿಕೆ ಒಳಗೆ ಇಳಿದಿರುತ್ತಿತ್ತು. ತಮ್ಮನಿಲ್ಲದ ಅವನಿಗೆ ಇವನೇ ತಮ್ಮ. ಊಟದ ಡಬ್ಬಿ ತೆರೆದರೆ ಮೊದಲ ಪಾಲು ಅವನಿಗೆ.

ಹೀಗಿರುವಾಗ ರಸ್ತೆಯ ಆಚೆ ಕಾರು ಮಾರುವ ಶೋರೂಮು ಬಂತು. ಅದರ ಗಾಜು ಎಷ್ಟು ಚೊಕ್ಕಟ ಎಂದರೆ, ಎದುರಿಗೆ ಬರುತ್ತಿದ್ದ ಮುದುಕನೊಬ್ಬನಿಗೆ ನಾನು ದಾರಿ ಬಿಡಲು ಹೋಗಿ, ಅವನೂ ಬಿಡಲು ಬಂದು, ಬಹಳ ಹೊತ್ತು ಒದ್ದಾಡಿದೆವು. ಅದರ ಯಜಮಾನರು ಒಂದು ದಿನ ಶೆಡ್ಡಿಗೆ ಬಂದು, ಕೈಕಟ್ಟಿ ನಿಂತು, ಮಾಪು ಕಾರಿನ ಮೇಲೆ ಓಡಾಡುವುದನ್ನು ಬಹಳ ಹೊತ್ತು ನೋಡಿದರು.

"ನಮ್ಮಲ್ಲಿಗೆ ಬರ್ತೀರಾ? ನೆರಳಿದೆ, ಚಳಿಗಾಲಕ್ಕೆ ಬಿಸಿನೀರಿದೆ. ಖಾಯಂ ಕೆಲಸ."

ಬಿಸಿನೀರು ಎಂಬ ಮಾತು ಕೇಳಿ ಒದ್ದೆಯಣ್ಣನ ಬೆರಳುಗಳೇ ಮೊದಲು ಹೂಂಗುಟ್ಟಿರಬೇಕು. ಚಳಿಗಾಲದಲ್ಲಿ ಅವು ಬಿರಿದು, ತುತ್ತು ಎತ್ತಲೂ ಆಗದೆ ಹೆಂಡತಿ ಕಲಸಿ ಕೊಡಬೇಕಾಗುತ್ತಿತ್ತು. ಆದರೂ ಅವನ ಬಾಯಿಂದ ಬಂದದ್ದು, "ಇಬ್ರೂ ಬರ್ತೀವಿ ಸಾರ್. ಇವನು ನನ್ನ ತಮ್ಮ ಇದ್ದ ಹಾಗೆ."

"ಒಬ್ರು ಸಾಕು. ನಾಳೆ ಬೆಳಿಗ್ಗೆ ನನ್ನ ಕಪ್ಪು ಕಾರು ಕಳಿಸ್ತೀನಿ, ತೊಳೆದು ಕೊಡಿ. ನೋಡೋಣ."

ಅವರು ಹೋದಮೇಲೆ ಒದ್ದೆಯಣ್ಣ ಷಡ್ಡಕನ ಹೆಗಲ ಮೇಲೆ ಕೈಹಾಕಿ, ಹಾಕಿದ ಜಾಗವನ್ನು ಒದ್ದೆ ಮಾಡಿ, "ನಾನು ಮೊದ್ಲು ಒಳಗೆ ಹೋಗ್ತೀನಿ ಕಣೋ. ಸ್ವಲ್ಪ ದಿನ ಆದ್ಮೇಲೆ ಹೇಳಿ ನಿನ್ನೂ ಎಳ್ಕೊಳ್ತೀನಿ," ಎಂದ. ಷಡ್ಡಕ ಅಂಗಿ ಒರೆಸಿಕೊಳ್ಳುತ್ತ, "ನೀವಿದ್ರೆ ನಂಗೇನು ಚಿಂತೆ ಅಣ್ಣಾ," ಎಂದ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಮೊದಲು ಬಂದವನು ಷಡ್ಡಕ. ಶೆಡ್ಡಿನ ಹಿಂದೆ ಗೋಡೆ ಕಟ್ಟಿಸಲು ತಂದು ಸುರಿದ ಮರಳಿನ ರಾಶಿ ಇತ್ತು. ಅಲ್ಲಿ ಅವನು ಮಾಪು ಹಿಡಿದು ತನ್ನ ಸ್ಕೂಟರು ತೊಳೆಯುತ್ತಿದ್ದ ಸದ್ದು ತಗಡಿನ ಈಚೆ ನನಗೆ ಕೇಳಿಸಿತು. ಆಮೇಲೆ ಕೊಳವೆ ಬಿದ್ದ ಸದ್ದು. ಆಮೇಲೆ "ಥತ್!" ಎಂಬ ಅವನ ದನಿ. ಆಮೇಲೆ ಮೊಳೆಯ ಟಿಣ್ ಶಬ್ದ. ನಾನು ಟ್ಯೂಬಿಗೆ ತೇಪೆ ಹಚ್ಚುತ್ತಿದ್ದೆ, ಹಚ್ಚುತ್ತಲೇ ಇದ್ದೆ.

ಕಪ್ಪು ಕಾರು ಬಂತು. ಒದ್ದೆಯಣ್ಣ ಬಂದ. ಮೊಳೆಯಿಂದ ಮಾಪು ತೆಗೆದ, ನೀರು ಬಿಟ್ಟ, ನೇರ ಕಾರಿಗೆ ಹೋದ. ಅಷ್ಟು ಮನಸ್ಸಿಟ್ಟು ಅವನು ಕಾರು ತೊಳೆದದ್ದನ್ನು ನಾನು ಕಂಡಿಲ್ಲ. ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ. ನೀರಿನ ಸದ್ದಿನಲ್ಲಿ ಮರಳಿನ ಸದ್ದು ಅವನಿಗೆ ಕೇಳಿಸಲಿಲ್ಲ. ಷಡ್ಡಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಯಾವತ್ತೂ ಬಾಯಿ ಮುಚ್ಚದವನು ಅವತ್ತು ಮುಚ್ಚಿಕೊಂಡಿದ್ದ.

ನೊರೆ ಇಳಿದು, ಒರೆಸಿ, ಕಾರನ್ನು ಬಿಸಿಲಿಗೆ ತಂದಾಗ ಯಜಮಾನರು ಬಂದರು. ಬಾನೆಟ್ಟಿನಿಂದ ಬಾಗಿಲ ತನಕ ಕೂದಲೆಳೆಯಂಥ ಗೀರುಗಳು, ಬಿಸಿಲಿಗೆ ಜೇಡರಬಲೆಯ ಹಾಗೆ ಹೊಳೆಯುತ್ತಿದ್ದವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಯಾರು ತೊಳೆದಿದ್ದು?"

ಒದ್ದೆಯಣ್ಣ ಒಂದು ಗೀರನ್ನು ಬೆರಳಿನಿಂದ ಉಜ್ಜಿ ನೋಡಿದ. ಷಡ್ಡಕ ಸ್ಟೂಲಿನಿಂದ ಎದ್ದು, "ಅಣ್ಣನೇ ತೊಳೆದಿದ್ದು ಸಾರ್. ನಾನು ಕೈ ಕೂಡ ಹಚ್ಚಿಲ್ಲ," ಎಂದ.

ಒಂದು ಅಕ್ಷರವೂ ಸುಳ್ಳಲ್ಲ. ನನ್ನ ಆಯುಷ್ಯದಲ್ಲಿ ನಾನು ಬೆಟ್ಟದಷ್ಟು ಸುಳ್ಳು ಹೇಳಿದ್ದೇನೆ. ಅವೆಲ್ಲ ಸೇರಿಸಿದರೂ ಆ ಒಂದು ನಿಜದಷ್ಟು ಕೆಟ್ಟದ್ದು ಮಾಡಿರಲಾರವು.

ಎಲ್ಲರೂ ಹೋದಮೇಲೆ ಒದ್ದೆಯಣ್ಣ ಮಾಪನ್ನು ತೊಡೆಯ ಮೇಲಿಟ್ಟುಕೊಂಡು ಎಳೆ ಬಿಡಿಸಿದ. ಬೆರಳ ತುದಿಗೆ ಮರಳು ಬಂತು. ನಾನು ಹೋಗಿ ಬೆಳಿಗ್ಗೆ ಕೇಳಿದ್ದನ್ನು ಹೇಳಿದೆ.

"ಬಿದ್ದಿರುತ್ತೆ ಮಾಮ. ನಿಲ್ಲಿಸೋದು ಮರೆತಿರ್ತಾನೆ."

"ಮರೆತವನು 'ಥತ್' ಅಂತಾನೇನೋ?"

"ಕೈಜಾರಿದ್ರೆ ಯಾರಾದ್ರೂ ಅಂತಾರೆ. ಅವನಿಗೆ ಆ ನಿಯಮ ಅಷ್ಟಾಗಿ ಮನಸ್ಸಿಗೆ ಹತ್ತಿಲ್ಲ. ನೀರಿನ ಕೆಲಸದವನಲ್ಲವಲ್ಲ."

ಮನೆಯಲ್ಲಿ ಹೆಂಡತಿಯೂ ಅದನ್ನೇ ಅಂದಳಂತೆ. "ಮರೆತಿರ್ತಾರೆ ಬಿಡ್ರಿ. ನನ್ನ ತಂಗಿ ಗಂಡ, ಬೇಕು ಬೇಕು ಅಂತ ಮಾಡ್ತಾರಾ?" ಅಷ್ಟು ಸಾಕಾಯಿತು ಅವನಿಗೆ. ಬಿಸಿನೀರು ಹೋಯಿತು, ನೆರಳು ಹೋಯಿತು, ಅದನ್ನು ಹೊಟ್ಟೆಗೆ ಹಾಕಿಕೊಂಡ. ಆದರೆ ತಮ್ಮ ಎಂದುಕೊಂಡವನು ಬೇಕೆಂದೇ ಮಾಡಿದನೋ ಮರೆತು ಮಾಡಿದನೋ, ಅದೊಂದು ಮಾತ್ರ ಮರೆವು ಎಂದೇ ಇರಲಿ ಎಂದು ಎದೆಯೊಳಗೆ ಭದ್ರವಾಗಿ ಇಟ್ಟುಕೊಂಡ.

ಸ್ವಲ್ಪ ದಿನದಲ್ಲೇ ಷಡ್ಡಕ ಶೋರೂಮಿಗೆ ಸೇರಿದ. ಹೋಗುವ ಮುಂಚೆ ಬಂದು, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ, "ಅವ್ರೇ ಕರೆದ್ರು ಅಣ್ಣಾ, ನಾನು ಕೇಳ್ಕೊಂಡು ಹೋಗಿಲ್ಲ. ಮಾಪು ತಗೊಂಡು ಹೋಗ್ಲಾ? ಅಲ್ಲಿರೋದು ಬರೀ ಗಟ್ಟಿ ಬ್ರಷ್ಷು," ಎಂದ.

ತಗಡಿನ ಈಚೆ ನಾನು ಕೆಮ್ಮಿದೆ. ಸತ್ತವರು ಎದ್ದು ಕೂರುವ ಹಾಗೆ ಕೆಮ್ಮಿದೆ. ಆ ಪುಣ್ಯಾತ್ಮ ಮಾಪನ್ನು ಮತ್ತೊಮ್ಮೆ ತೊಳೆದು, ಬಾಚಿ, ತಾನೇ ಎತ್ತಿ ಕೊಟ್ಟ. "ನೀರು ಮೊದ್ಲು, ಬಟ್ಟೆ ಆಮೇಲೆ. ನೆನಪಿರಲಿ," ಎಂದ. ಆಮೇಲೆ ತನಗೆ ಇನ್ನೊಂದು ಮಾಡಿಕೊಳ್ಳುವ ತನಕ ಬಕೆಟ್ಟಿಗೆ ಬಗ್ಗಿ, ಮತ್ತೆ ನಮ್ಮ ಚಪ್ಪಲಿಗಳಿಗೆ ನಮಸ್ಕಾರ ಹೇಳಿದ. ಷಡ್ಡಕನ ಸ್ಟೂಲನ್ನು ದಿನವೂ ಒರೆಸಿ ಅದೇ ಜಾಗದಲ್ಲಿ ಇಡುತ್ತಿದ್ದ. ಗಿರಾಕಿ ಕೂರಲು ಹೋದರೆ, "ಅದು ನಮ್ಮ ಹುಡುಗನದು, ಬಂದು ಹೋಗ್ತಿರ್ತಾನೆ," ಎಂದು ಬೇರೆ ಕಡೆ ಕೂರಿಸುತ್ತಿದ್ದ. ಹುಡುಗ ಬರಲೂ ಇಲ್ಲ, ಹೋಗಲೂ ಇಲ್ಲ. ಅಷ್ಟಗಲದ ರಸ್ತೆ ಅವನ ಕಾಲಿಗೆ ಸಮುದ್ರವಾಗಿತ್ತು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದೆ ನಾವಿಬ್ಬರೂ ನನ್ನ ಅಂಗಡಿಯ ಮುಂದೆ ಹಳೇ ಟೈರುಗಳ ಮೇಲೆ ಕೂತಿದ್ದೆವು. ಆಚೆ ಬದಿಯಲ್ಲಿ ಷಡ್ಡಕ ಅದೇ ಕಪ್ಪು ಕಾರನ್ನು ತೊಳೆಯುತ್ತಿದ್ದ. ಹೊಸ ಬಣ್ಣ ಹೊಡೆಸಿದ್ದರು. ಕಾಲಿಗೆ ಮೊಣಕಾಲ ತನಕ ರಬ್ಬರ್ ಬೂಟು, ಮೈಗೆ ಪ್ಲಾಸ್ಟಿಕ್ ಅಂಗಿ, ಒಂದು ಹನಿ ಒಳಗೆ ಹೋಗದ ಹಾಗೆ ಬಿಗಿದುಕೊಂಡಿದ್ದ.

"ಚೆನ್ನಾಗೇ ಎಳೀತಿದಾನೆ. ಮೇಲಿಂದ ಕೆಳಕ್ಕೆ," ಎಂದ ಒದ್ದೆಯಣ್ಣ. ಹೇಳುವಾಗ ಒಂದಿಷ್ಟು ಹೆಮ್ಮೆಯೂ ಇತ್ತು, ಸಿಟ್ಟು ಬಂತು ನನಗೆ.

ಅಷ್ಟರಲ್ಲಿ ಮಾಪು ಅವನ ಕೈಜಾರಿತು. ಕೊಳವೆ ನೆಲಕ್ಕೆ ಬಿದ್ದ ಸದ್ದು ಈಚೆಗೂ ಕೇಳಿಸಿತು. ಷಡ್ಡಕ ಸುತ್ತಮುತ್ತ ನೋಡಲಿಲ್ಲ, ಒಂದು ಕ್ಷಣ ಯೋಚಿಸಲೂ ಇಲ್ಲ. ನೀರು ನಿಲ್ಲಿಸಿದ. ಮಾಪನ್ನು ಎತ್ತಿ, ತಲೆ ಮೇಲೆ ಮಾಡಿ, ಗೋಡೆಗೆ ನಿಲ್ಲಿಸಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಎಳೆ ಎಳೆ ಬಿಡಿಸಿ, ಬೆರಳಿನಿಂದ ಬಾಚತೊಡಗಿದ. ಒದ್ದೆಯಣ್ಣ ಬಾಚುತ್ತಿದ್ದ ಹಾಗೆಯೇ. ಅದಕ್ಕಿಂತ ನಾಜೂಕಾಗಿ ಎಂದರೂ ತಪ್ಪಲ್ಲ.

ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡಲು ಧೈರ್ಯ ಸಾಲಲಿಲ್ಲ.  ಕೂತ ಟೈರಿನ ಹಳೇ ತೇಪೆಯನ್ನು ಉಗುರಿನಿಂದ ಕೆರೆದೆ.

"ಗೊತ್ತಿದೆ ಮಾಮ, ಅವನಿಗೆ," ಎಂದ ಒದ್ದೆಯಣ್ಣ. "ಎಷ್ಟು ಚೆನ್ನಾಗಿ ಗೊತ್ತಿದೆ."

ಎದ್ದು ಹೋಗಿ ಆ ಸ್ಟೂಲನ್ನು ತಂದು ನನ್ನ ಮುಂದಿಟ್ಟ. "ಇದು ನೀವಿಟ್ಕೊಳಿ. ಟೈರ್ ಮೇಲೆ ಕೂತ್ರೆ ನಿಮಗೆ ಸೊಂಟ ನೋವು."

ಹೊಸ ಮಾಪು ಈಗ ಅದೇ ಮೊಳೆಯಲ್ಲಿ ತೂಗುತ್ತದೆ. ಶೆಡ್ಡಿನಲ್ಲಿ ಅವನೊಬ್ಬನೇ, ಅದನ್ನು ಮುಟ್ಟುವವರು ಬೇರೆ ಯಾರೂ ಇಲ್ಲ. ಆದರೂ ಕಾರಿಗೆ ಹೋಗುವ ಮೊದಲು ಅದರ ಎಳೆಗಳನ್ನು ತನ್ನ ಮುಂಗೈಯ ಮೇಲೆ ಒತ್ತಿ ಎಳೆದುಕೊಂಡು ನೋಡುತ್ತಾನೆ, ಮರಳು ಇದ್ದರೆ ಚರ್ಮಕ್ಕೆ ಮೊದಲು ತಿಳಿಯಲಿ ಎಂದು. ಪ್ರತಿ ಕಾರಿಗೂ ಹೀಗೇ. ಮುಂಗೈಯ ಕೂದಲೆಲ್ಲ ಸವೆದುಹೋಗಿದೆ.

"ಅಲ್ಲಯ್ಯಾ, ನೇತು ಹಾಕಿದ್ದು ನೀನೇ ಅಲ್ವಾ?" ಎಂದೆ ಮೊನ್ನೆ.

"ನಾನೇ ಮಾಮ," ಎಂದ, ಮತ್ತೊಮ್ಮೆ ಎಳೆದುಕೊಂಡ.