ಮೊಳೆ ಎಳೆಯದ ಸುರುಳಿ

ನಾನು ಪಾಠ ಮಾಡುವ ಮೂಡುಬಿದಿರೆಯ ಶಾಲೆಯ ಪ್ರಯೋಗಾಲಯದಲ್ಲಿ ಇವತ್ತು ರಮ್ಲತ್ ಎಂಬ ಹುಡುಗಿ ವಿಜ್ಞಾನ ಮೇಳಕ್ಕೆಂದು, ಬೆಂಚಿಗೆ ಬಿಗಿದ ಕೊಳವೆಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಅದರ ವಾರ್ನಿಷ್ ವಾಸನೆ ಮೂಗಿಗೆ ಬಡಿದದ್ದೇ, ಬೆಳುವಾಯಿಯಲ್ಲಿದ್ದ ಅಪ್ಪನ ಪಂಪ್ ವೈಂಡಿಂಗ್ ಅಂಗಡಿ ಕಣ್ಣೆದುರು ಬಂತು. ಪಂಪಿನ ಮೋಟಾರಿಗೆ ತಂತಿ ಸುತ್ತುವಾಗ ಅಪ್ಪ ಸುತ್ತುಗಳನ್ನು ತುಳುವಿನಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು. ಆ ಹೊತ್ತಿಗೆ ಗಿರಾಕಿಗಳೂ ಬಾಯಿ ಬಿಡುವಂತಿರಲಿಲ್ಲ.

ಶಾಲೆಗೆ ಹೋಗುತ್ತಿದ್ದಾಗ ವಿಜ್ಞಾನ ಮೇಳಕ್ಕೆಂದು ನಾನೂ ಹಳೇ ಕಾಲದ ಮೋಟಾರಿನ ಮಾದರಿ ಮಾಡಿದ್ದೆ. ಅಂಗಡಿಯ ಮೇಜಿಗೆ ಬಿಗಿದ ಕೊಳವೆಗೆ ಎರಡು ದಿನ ತಂತಿ ಸುತ್ತಿದೆ. ಕರೆಂಟು ಹರಿದರೆ ಸುರುಳಿ ಮೊಳೆಯನ್ನು ಒಳಗೆಳೆದು ಚಕ್ರ ತಿರುಗಿಸಬೇಕು. ಮೊಳೆ ಅಲುಗಲೇ ಇಲ್ಲ. ಮರುದಿನವೇ ಮೇಳ; ನನಗೆ ಅಳು ಬಂತು.

ಅಪ್ಪ ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಗ್ಗಿ ನೋಡಿದರು.

"ನಿನ್ನೆ ಎಲ್ಲಿ ಕೂತು ಸುತ್ತಿದ್ದು?"

"ಕಿಟಕಿ ಬದಿ."

"ಇವತ್ತು?"

"ಬಾಗಿಲ ಬದಿ."

"ಹಾಗಾದ್ರೆ ಮೇಜಿನ ಎದುರುಬದುರು ಬದಿ ಕೂತು ಅರ್ಧ ಆಚೆಗೆ, ಅರ್ಧ ಈಚೆಗೆ ಸುತ್ತಿದ್ದಿ. ಒಂದರ ಬಲ ಇನ್ನೊಂದು ತಿಂತದೆ. ನೀನೇ ಬಿಚ್ಚು ಮಾರಾಯ್ತಿ, ಎಣಿಸ್ಲಿಕ್ಕೆ ನಾನಿದ್ದೇನೆ."

ಅವರು ಎಣಿಸಿದರು, ನಾನು ಸುತ್ತಿದೆ. ಮೊಳೆ ಟಕ್ಕೆಂದು ಒಳಕ್ಕೆ ಹಾರಿತು.

"ಟೀಚರ್, ಮೊಳೆ ಅಲುಗುದೇ ಇಲ್ಲ," ಎಂದಳು ರಮ್ಲತ್, ಸಪ್ಪೆ ಮುಖ ಮಾಡಿ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ನಿನ್ನೆ ಎಲ್ಲಿ ಕೂತು ಸುತ್ತಿದ್ದು?"

ಅವಳು ಬೆಂಚಿನ ಆ ಬದಿ ನೋಡಿದಳು, ಈ ಬದಿ ನೋಡಿದಳು. ಕಣ್ಣರಳಿತು. ತಾನಾಗಿಯೇ ಬಿಚ್ಚತೊಡಗಿದಳು. ಮತ್ತೆ ಸುತ್ತಲು ಕೂತಾಗ ನಾನು ಅಪ್ಪನ ಹಾಗೆ ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ: "ಒಂಜಿ, ರಡ್ಡ್, ಮೂಜಿ..."