ಸೂಪರ್ ಎನ್ನದ ಆಂಟಿ

ನಮ್ಮ ಡೆಟ್ರಾಯಿಟ್ ಕಡೆ ಹೊಸ ಕನ್ನಡ ಸಿನಿಮಾ ಬಂದರೆ ವಾರಕ್ಕೆ ಒಂದೇ ಆಟ, ಭಾನುವಾರ ಮಧ್ಯಾಹ್ನ. ಮುಗಿದ ಕೂಡಲೇ ಅದನ್ನು ತರಿಸಿದ ಆಯೋಜಕ ಬಾಗಿಲಲ್ಲಿ ಫೋನ್ ಹಿಡಿದು ನಿಂತು, ಹೇಗಿತ್ತು ಎಂದು ಕೇಳಿ ವಿಡಿಯೊ ಮಾಡುತ್ತಿದ್ದ. ನಾವೆಲ್ಲ ಜಾಕೆಟ್ ಏರಿಸಿಕೊಳ್ಳುತ್ತ "ಸೂಪರ್, ಎಲ್ಲರೂ ಬಂದು ನೋಡಿ" ಎಂದು ಕಾರಿನತ್ತ ನಡೆಯುತ್ತಿದ್ದೆವು. ಸೂಪರ್ ಅನ್ನಲು ತಲೆ ಬೇಕಿಲ್ಲ, ಬಾಯಿದ್ದರೆ ಸಾಕು. ಹುಬ್ಬಳ್ಳಿಯ ಆಂಟಿ ಮಾತ್ರ ನಿಂತು ಉತ್ತರ ಕೊಡುತ್ತಿದ್ದರು.

ಅವರು ಪಕ್ಕದ ವಾರೆನ್ ಊರಿನಲ್ಲಿ ಕಾರುಗಳ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್. ಹಿಮ ಸುರಿದರೂ ಆಟ ತಪ್ಪಿಸಿದವರಲ್ಲ. ಶೂ ಬಿಚ್ಚಿ, ಸೀಟಿನ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಬೇಸರವಾದರೆ ಕನ್ನಡಕ ತೆಗೆದು ಶಾಲಿನಿಂದ ಒರೆಸುತ್ತಿದ್ದರು. ಒಂದು ಭಾನುವಾರ ಇಂಟರ್ವಲ್ ನಂತರ ಒರೆಸಿದ್ದೇ ಒರೆಸಿದ್ದು.

"ಖರೇ ಹೇಳ್ತೀನಿ," ಎಂದರು, ಆಟ ಮುಗಿದ ಮೇಲೆ ಆಯೋಜಕನ ಫೋನಿಗೆ. "ಅರ್ಧ ಆದಮ್ಯಾಲೆ ಕಥೀನ ಇಲ್ಲ. ಬರೇ ಹೊಡದಾಟ."

ಆಯೋಜಕನ ಮುಖ ಸಣ್ಣಗಾಯಿತು. "ಆಂಟಿ, ನಮ್ಮ ಭಾಷೆ ಸಿನಿಮಾ. ನಾವೇ ಹಿಂಗಂದ್ರೆ ಜನ ಬರಲ್ಲ, ಥಿಯೇಟರ್‌ನವ್ರು ಮುಂದಿನ ಸಲ ಆಟಾನೇ ಕೊಡಲ್ಲ."

"ನಮ್ಮವ್ರು ಮಾಡಿದ ಕಾರು ಅಂತ, ಬ್ರೇಕ್ ಹಿಡೀದಿದ್ರೂ ಪಾಸ್ ಮಾಡ್ಲೇನು?"

ಅವನು ಆಂಟಿಯದೊಂದನ್ನು ಬಿಟ್ಟು ಉಳಿದ ವಿಡಿಯೊಗಳನ್ನೆಲ್ಲ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಮುಂದೆ ಬಂದ ಸಿನಿಮಾ ನಿಜಕ್ಕೂ ಚೆನ್ನಾಗಿತ್ತು. ಆಂಟಿ ಕನ್ನಡಕ ಒರೆಸಲಿಲ್ಲ, ಕೊನೆಯಲ್ಲಿ ಕಣ್ಣು ಒರೆಸಿಕೊಂಡರು. ಅದನ್ನು ನೋಡಿದ್ದ ಆಯೋಜಕ ಓಡಿ ಬಂದು ಫೋನ್ ಹಿಡಿದ.

"ಆಂಟಿ, ಇವತ್ತು ಚೆನ್ನಾಗಿದೆ ಅಂತ ಹೇಳ್ತೀರಲ್ಲ?"

"ಹೇಳ್ತೀನಿ, ಖರೇ ಹೇಳ್ತೀನಿ." ಆಂಟಿ ಅವನ ಫೋನನ್ನು ಎರಡು ಬೆರಳಲ್ಲಿ ಕೆಳಕ್ಕೆ ಒತ್ತಿದರು. "ಮೊದಲ ನಾ ಹೋದ ಸಲ ಹೇಳಿದ್ದನ್ನ ಗ್ರೂಪಿಗೆ ಹಾಕು."